ಕಿವಿಗೊಟ್ಟು ಕಲಿತ ಸಾಂಬಾ

1991ರ ಡಿಸೆಂಬರ್. ಆಸ್ಟ್ರೇಲಿಯಾದ ಕ್ಯಾನ್‌ಬೆರಾ ನಗರದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಆಂಡ್ರ್ಯೂ ಟ್ರಿಡ್ಜೆಲ್ ಅವರಿಗೆ ಒಂದು ಸಣ್ಣ ತಾಪತ್ರಯ ಎದುರಾಯಿತು. ಅವರ ಮೇಜಿನ ಮೇಲೆ ಇದ್ದದ್ದು ಡಾಸ್ ಪಿ.ಸಿ. ಫೈಲುಗಳಿದ್ದದ್ದು ಸನ್ ಕಂಪನಿಯ ಯುನಿಕ್ಸ್ ಯಂತ್ರಗಳಲ್ಲಿ. ಎರಡನ್ನೂ ಬೆಸೆಯುವ ತಂತ್ರಾಂಶವೊಂದಿತ್ತು, ಕೆಲಸ ನಡೆದಿತ್ತು. ಅಷ್ಟರಲ್ಲಿ ಡಿಜಿಟಲ್ ಕಂಪನಿಯ ಎಕ್ಸ್‌ಕರ್ಶನ್ ಎಂಬ ಹೊಸ ತಂತ್ರಾಂಶ ಪರೀಕ್ಷೆಗೆಂದು ಬಂತು. ಅದು ನಡೆಯಬೇಕಾದರೆ ಅದೇ ಕಂಪನಿಯ ಪಾತ್‌ವರ್ಕ್ಸ್ ನೆಟ್‌ವರ್ಕ್ ಬೇಕು. ಪಾತ್‌ವರ್ಕ್ಸ್ ಹೊಂದಿಕೊಳ್ಳುವುದೋ ಡಿಜಿಟಲ್‌ನ ಯಂತ್ರಗಳ ಜೊತೆ ಮಾತ್ರ. ಸನ್ ಯಂತ್ರದಲ್ಲಿದ್ದ ಫೈಲುಗಳು ಇದ್ದಲ್ಲೇ ಇದ್ದರೂ ಕೈಗೆ ಸಿಗದಾದವು.

ದೇವದುರ್ಗದಲ್ಲೋ ಮಾನ್ವಿಯಲ್ಲೋ ಡಿಟಿಪಿ, ಝೆರಾಕ್ಸ್ ಅಂಗಡಿ ಇಟ್ಟವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಿಂಟರ್ ಒಂದು, ಕಂಪ್ಯೂಟರ್ ಎರಡು ಮೂರು. ಒಂದರಲ್ಲಿ ಹೊಸ ವಿಂಡೋಸ್, ಇನ್ನೊಂದರಲ್ಲಿ ಹಳೆಯದು, ಮುಪ್ಪಾದ ಮೂರನೆಯದಕ್ಕೆ ಜೀವ ಬರಲೆಂದು ಹಾಕಿದ ಲಿನಕ್ಸ್. ಲಗ್ನಪತ್ರಿಕೆಯ ಫೈಲ್ ಒಂದರಲ್ಲಿ, ಪ್ರಿಂಟರ್ ಮತ್ತೊಂದಕ್ಕೆ. ಪೆನ್‌ಡ್ರೈವ್ ಹಿಡಿದು ಈ ಕುರ್ಚಿಯಿಂದ ಆ ಕುರ್ಚಿಗೆ ಓಡಾಡುವ ಗೋಜು ತಪ್ಪಬೇಕಾದರೆ ಬೇರೆ ಬೇರೆ ಜಾತಿಯ ಯಂತ್ರಗಳಿಗೆ ಒಂದೇ ಮಾತು ತಿಳಿಯಬೇಕು.

ಟ್ರಿಡ್ಜೆಲ್ ಅದುವರೆಗೆ ನೆಟ್‌ವರ್ಕ್ ಪ್ರೋಗ್ರಾಂ ಒಂದನ್ನೂ ಬರೆದವರಲ್ಲ. ಆದರೆ ಅವರು ನೋಡಿಕೊಳ್ಳುತ್ತಿದ್ದ ಡಿಜಿಟಲ್‌ನ ಡೆಕ್‌ಸ್ಟೇಷನ್ 3100 ಯಂತ್ರವೊಂದಿತ್ತು. ಪಿ.ಸಿ.ಯೂ ಅದೂ ಪಾತ್‌ವರ್ಕ್ಸ್ ಮೂಲಕ ಮಾತಾಡುತ್ತಿದ್ದವು. ಆ ಮಾತು ಎಷ್ಟು ಕಷ್ಟದ್ದಿದ್ದೀತು ಎಂಬ ಧೈರ್ಯ ಮಾಡಿ, ನಡುವೆ ಕುಳಿತು ಕೇಳಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ ಬರೆದರು. ಪಿ.ಸಿ. ಏನು ಕೇಳಿತು, ಸರ್ವರ್ ಏನು ಕೊಟ್ಟಿತು, ಎಲ್ಲವೂ ಬೈಟ್ ಬೈಟಾಗಿ ದಾಖಲಾಗತೊಡಗಿತು. ಆಮೇಲೆ ಟರ್ಬೊ ಸಿ ಬಳಸಿ ಸಣ್ಣ ಸಣ್ಣ ಪ್ರಯೋಗ. ಒಂದು ಫೈಲ್ ತೆರೆ, ದಾಟಿಹೋದ ಬೈಟುಗಳನ್ನು ನೋಡು. ಓದು, ಮತ್ತೆ ನೋಡು. ಯಾವ ಬೈಟಿಗೆ ಯಾವ ಅರ್ಥ ಎಂಬುದು ಒಂದೊಂದಾಗಿ ಹೊಳೆಯುತ್ತ ಬಂತು. ಕೆಲವು ಬೈಟುಗಳ ಅರ್ಥ ಮಾತ್ರ ಎಷ್ಟು ನೋಡಿದರೂ ಹೊಳೆಯಲಿಲ್ಲ. ಡಿಜಿಟಲ್‌ನ ಸರ್ವರ್ ಪ್ರತಿ ಸಲವೂ ಅವನ್ನು ಕಳಿಸುತ್ತದಲ್ಲ ಎಂದು ಇವರೂ ಹಾಗೆಯೇ ಕಳಿಸಿದರು. ಅವುಗಳ ಗುಟ್ಟು ತಿಳಿಯಲು ಎರಡು ವರ್ಷ ಬೇಕಾಯಿತು. ಫಲ ಬರಲು ಮಾತ್ರ ಅಷ್ಟು ಕಾಲ ಹಿಡಿಯಲಿಲ್ಲ. ಕೆಲವೇ ದಿನಗಳಲ್ಲಿ ಮೊದಲ ಫೈಲ್ ಓದಿಸಿಕೊಂಡಿತು. ಇನ್ನೊಂದು ವಾರದಲ್ಲಿ ಸನ್ ಯಂತ್ರದ ಡಿಸ್ಕ್ ಪಿ.ಸಿ.ಯಲ್ಲಿ ಕಾಣಿಸಿಕೊಂಡಿತು.

ಈ ದಾರಿಯನ್ನು 2003ರಲ್ಲಿ ವಿವರಿಸುವಾಗ ಟ್ರಿಡ್ಜೆಲ್ ಫ್ರೆಂಚ್ ಕಾಫಿ ಹೋಟೆಲಿನ ಉದಾಹರಣೆ ಕೊಟ್ಟರು. ಫ್ರೆಂಚ್ ಬಾರದವನೊಬ್ಬ ಅಲ್ಲಿ ಕುಳಿತು, ಗಿರಾಕಿ ಏನೆಂದ, ಮಾಣಿ ಏನು ತಂದಿಟ್ಟ ಎಂದು ನೋಡುತ್ತ ನೋಡುತ್ತ ಆ ಭಾಷೆ ಕಲಿಯುವುದು. ರಾಯಚೂರಿನವರಿಗೆ ಇದು ಪುಸ್ತಕದ ಮಾತಲ್ಲ. ತೀನ್ ಕಂದೀಲ್‌ನ ಹೋಟೆಲುಗಳಲ್ಲಿ ಚಹಾ ಕುಡಿಯುತ್ತಲೇ ತೆಲುಗು, ಉರ್ದು ಕಲಿತವರು ಇಲ್ಲಿ ಮನೆಮನೆಗೆ ಸಿಗುತ್ತಾರೆ. ಅವರು ಯಾರ ವ್ಯಾಕರಣ ಪುಸ್ತಕವನ್ನೂ ಕದ್ದಿಲ್ಲ. ಟ್ರಿಡ್ಜೆಲ್ ಕೂಡ ಯಾವ ಕಂಪನಿಯ ಸಾಫ್ಟ್‌ವೇರನ್ನೂ ಬಿಚ್ಚಿ ಒಳಗೆ ಇಣುಕಲಿಲ್ಲ, ತಂತಿಯ ಮೇಲೆ ಹರಿದದ್ದನ್ನಷ್ಟೇ ಕೇಳಿದರು. ಈ ಸಂಶೋಧನೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಶುದ್ಧ ನಡೆ.

ವಿಶ್ವವಿದ್ಯಾಲಯದಲ್ಲಿ ಒಂದಿಬ್ಬರನ್ನು ಕೇಳಿದರೆ ಯಾರಿಗೂ ಆಸಕ್ತಿ ಹುಟ್ಟಲಿಲ್ಲ. ಇದನ್ನು ಹಂಚುವುದು ಕಾನೂನಿಗೆ ವಿರುದ್ಧವೇ ಎಂದು ಡಿಜಿಟಲ್‌ನವರೊಬ್ಬರನ್ನೇ ಕೇಳಿದರು. ಅಲ್ಲವೆಂದ ಅವರು ಬಿಡುಗಡೆ ಮಾಡಿಬಿಡಿ ಎಂದು ಹುರಿದುಂಬಿಸಿದರು. 1992ರ ಜನವರಿಯಲ್ಲಿ ‘ಸರ್ವರ್ 0.1’ ಹೊರಬಂತು. ಸುಮಾರು ಒಂದು ತಿಂಗಳಲ್ಲಿ ಇನ್ನೆರಡು ಆವೃತ್ತಿಗಳೂ ಬಂದವು. ಅಷ್ಟರಲ್ಲಿ ಟ್ರಿಡ್ಜೆಲ್ ಅವರ ಮೇಜಿಗೆ ಬೇರೆ ಯಂತ್ರ ಬಂದು ಅಗತ್ಯವೇ ತೀರಿತು. ಕೆಲಸ ಮೂಲೆ ಸೇರಿತು. ಯಾರಾದರೂ ಮುಂದುವರಿಸಿ ಎಂದು ಕೇಳಿಕೊಂಡರೂ ಯಾರೂ ಬರಲಿಲ್ಲ.

ನಿಜವಾದ ಆವಿಷ್ಕಾರ ನಡೆದದ್ದು 1993ರ ಕೊನೆಗೆ, ಮನೆಯಲ್ಲಿ. ಹೆಂಡತಿಯ ವಿಂಡೋಸ್ ಪಿ.ಸಿ.ಯನ್ನು ತಮ್ಮ ಲಿನಕ್ಸ್ ಯಂತ್ರಕ್ಕೆ ಜೋಡಿಸಲು ಬೇರೇನೂ ಸಿಗದೆ ಟ್ರಿಡ್ಜೆಲ್ ಆ ಹಳೆಯ ಪ್ರೋಗ್ರಾಮನ್ನೇ ಹಚ್ಚಿ ನೋಡಿದರು. ಅದು ಕೆಲಸ ಮಾಡಿಬಿಟ್ಟಿತು! ಡಿಜಿಟಲ್‌ನ ಖಾಸಗಿ ಮಾತೆಂದು ಅವರು ತಿಳಿದಿದ್ದದ್ದು ಎಸ್‌ಎಂಬಿ ಎಂಬ ನೆಟ್‌ವರ್ಕ್ ಭಾಷೆ. 1980ರ ದಶಕದ ಮೊದಲಲ್ಲಿ ಐಬಿಎಂನ ಬ್ಯಾರಿ ಫೈಗೆನ್‌ಬಾಮ್ ರೂಪಿಸಿದ್ದು, ಮುಂದೆ ಮೈಕ್ರೋಸಾಫ್ಟ್ ಬೆಳೆಸಿದ್ದು. ಯಾವ ಭಾಷೆಯೆಂದು ಗೊತ್ತಿಲ್ಲದೆಯೇ ಕಲಿತ ಭಾಷೆ, ವಿಂಡೋಸ್ ಯಂತ್ರಗಳೆಲ್ಲ ಆಡುವ ಭಾಷೆಯಾಗಿತ್ತು. ಅಲ್ಲಿಂದ ಕೆಲಸ ಮತ್ತೆ ಶುರುವಾಯಿತು. ಜೆರೆಮಿ ಆಲಿಸನ್ ಮೊದಲಾದವರು ಕೈಜೋಡಿಸಿದರು.

ಹೆಸರಿನ ಕತೆ ಚಿಕ್ಕದು. ಆಗ ಇಟ್ಟಿದ್ದ ಹೆಸರಿನ ಮೇಲೆ ಇನ್ನೊಂದು ಕಂಪನಿಯ ಹಕ್ಕಿತ್ತು. 1994ರಲ್ಲಿ ಟ್ರಿಡ್ಜೆಲ್ ಯುನಿಕ್ಸ್ ಯಂತ್ರದ ಪದಪಟ್ಟಿಯಲ್ಲಿ ಎಸ್, ಎಂ, ಬಿ ಅಕ್ಷರಗಳು ಅದೇ ಕ್ರಮದಲ್ಲಿ ಬರುವ ಪದಗಳನ್ನು ಹುಡುಕಿಸಿದರು. ಸಿಕ್ಕ ಕೆಲವೇ ಪದಗಳಲ್ಲಿ ಬ್ರೆಜಿಲ್‌ನ ಕುಣಿತ ಸಾಂಬಾ ಉಳಿಯಿತು.

ಕೇಳುವುದರಿಂದ ಎಲ್ಲವೂ ಸಿಗುವುದಿಲ್ಲ. ಯಾರೂ ಆಡದ ಮಾತು ಕಿವಿಗೆ ಬೀಳುವುದಾದರೂ ಹೇಗೆ? ಅದಕ್ಕೂ ಉಪಾಯ ಹೂಡಿದರು. ಆಗಿನ ಎಸ್‌ಎಂಬಿಯಲ್ಲಿ ಆದೇಶಕ್ಕೆ ಇದ್ದದ್ದು ಒಂದೇ ಬೈಟ್, ಅಂದರೆ 256 ಆದೇಶಗಳಿಗಷ್ಟೇ ಜಾಗ. ಒಂದೊಂದನ್ನೇ ವಿಂಡೋಸ್‌ಗೆ ಕಳಿಸಿ, ಅದು ಗೊತ್ತಿಲ್ಲ ಎನ್ನುತ್ತದೋ ಬೇರೆ ದೂರು ಹೇಳುತ್ತದೋ ಎಂದು ನೋಡಿದರು. ಬೇರೆ ದೂರು ಬಂದರೆ ಆ ಆದೇಶ ಅದಕ್ಕೆ ಗೊತ್ತಿದೆ ಎಂದೇ ಲೆಕ್ಕ. ಇನ್ನೊಂದು ಪರೀಕ್ಷೆಯಲ್ಲಿ ಅಡ್ಡಾದಿಡ್ಡಿ ಪ್ರಶ್ನೆಗಳನ್ನು ವಿಂಡೋಸ್‌ಗೂ ಸಾಂಬಾಗೂ ಒಟ್ಟಿಗೆ ಕೇಳಿ, ಉತ್ತರ ಎಲ್ಲಿ ಬೇರೆಯಾಯಿತೋ ಅಲ್ಲಿ ಸಾಂಬಾವನ್ನು ತಿದ್ದಿದರು.

ಕನ್ನಡದವರಿಗೆ 2003ರ ಸೆಪ್ಟೆಂಬರ್ ಮುಖ್ಯ. ಆ ತಿಂಗಳು ಬಂದ ಸಾಂಬಾ 3.0 ಯುನಿಕೋಡ್ ಮಾತಾಡತೊಡಗಿತು. ಅದಕ್ಕೆ ಮೊದಲು ಫೈಲಿನ ಹೆಸರುಗಳು ಡಾಸ್ ಕಾಲದ ಅಕ್ಷರಕೋಷ್ಟಕಗಳಲ್ಲಿ ತೂರಿ ಹೋಗಬೇಕಿತ್ತು. ಅಲ್ಲಿ ಕನ್ನಡಕ್ಕೆ ಜಾಗವಿರಲಿಲ್ಲ. ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ, ಅಂದರೆ ಟ್ರಿಡ್ಜೆಲ್ ಕಿವಿಗೊಟ್ಟು ಕುಳಿತ 1991ರಲ್ಲೇ, ಕನ್ನಡ ಸೇರಿತ್ತು. 2001ರ ವಿಂಡೋಸ್ ಎಕ್ಸ್‌ಪಿ ಕನ್ನಡ ತೋರಿಸತೊಡಗಿತ್ತು. ಸಾಂಬಾವೂ ಬಂದ ಮೇಲೆ ‘ಹತ್ತಿ ಲೆಕ್ಕ’ ಎಂದು ಹೆಸರಿಟ್ಟ ಫೈಲ್ ವಿಂಡೋಸ್‌ನಿಂದ ಲಿನಕ್ಸ್‌ಗೆ ಹೋಗಿ ಹತ್ತಿ ಲೆಕ್ಕವಾಗಿಯೇ ಮರಳಲು ಅಡ್ಡಿಯಿಲ್ಲದಾಯಿತು. ನಮ್ಮ ನುಡಿಯಲ್ಲಿ ಹೆಸರಿಡುವ ಹಕ್ಕು ಸಣ್ಣದೆಂದು ನನಗೆ ಅನ್ನಿಸಿಲ್ಲ.

ಕೇಳಿ ಕಲಿಯಬೇಕಾದ ಕಾಲ ಕೊನೆಗೂ ಮುಗಿದದ್ದು ನ್ಯಾಯಾಲಯದಿಂದ. 2004ರ ಮಾರ್ಚ್‌ನಲ್ಲಿ ಯುರೋಪಿಯನ್ ಕಮಿಷನ್ ಮೈಕ್ರೋಸಾಫ್ಟ್‌ಗೆ 49.7 ಕೋಟಿ ಯೂರೋ ದಂಡ ಹಾಕಿತು. ಸರ್ವರ್‌ಗಳು ಒಂದಕ್ಕೊಂದು ಮಾತಾಡುವ ಬಗೆಯನ್ನು ಇತರರಿಗೂ ತಿಳಿಸಬೇಕೆಂದಿತು. 2007ರ ಸೆಪ್ಟೆಂಬರ್ 17ರಂದು ಯುರೋಪಿನ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಒಂದು ಸಲದ 10,000 ಯೂರೋ ಶುಲ್ಕಕ್ಕೆ ದಾಖಲೆಗಳು ಸಾಂಬಾ ತಂಡದ ಕೈಸೇರಿದವು. 2012ರ ಡಿಸೆಂಬರ್‌ನ ಸಾಂಬಾ 4.0 ಒಂದು ಕಚೇರಿಯ ಬಳಕೆದಾರರನ್ನೂ ಯಂತ್ರಗಳನ್ನೂ ಒಟ್ಟಾಗಿ ನೋಡಿಕೊಳ್ಳುವ ಮೈಕ್ರೋಸಾಫ್ಟ್‌ನ ಆ್ಯಕ್ಟಿವ್ ಡೈರೆಕ್ಟರಿಯ ಕೆಲಸವನ್ನೂ ಮಾಡತೊಡಗಿತು. ಇಂದಿಗೂ ಸಾಂಬಾವನ್ನು ಯಾರು ಬೇಕಾದರೂ ಹಣ ಕೊಡದೆ ಇಳಿಸಿಕೊಂಡು ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು.