ಮ್ಯಾಚ್ ಪಾಯಿಂಟಿನ ಮನಶ್ಶಾಸ್ತ್ರ

2019ನೆಯ ಇಸವಿಯ ಜುಲೈ 14ರಂದು ವಿಂಬಲ್ಡನ್ನಿನ ಸೆಂಟರ್ ಕೋರ್ಟಿನಲ್ಲಿ ನಾಲ್ಕು ಗಂಟೆ ಐವತ್ತೇಳು ನಿಮಿಷಗಳ ಕಾಲ ನಡೆದ ಪುರುಷರ ಅಂತಿಮ ಪಂದ್ಯದ ಅಂಕಿಸಂಖ್ಯೆಗಳನ್ನು, ಫಲಿತಾಂಶವನ್ನು ಮಾತ್ರ ಮರೆಮಾಡಿ, ಟೆನಿಸ್ಸಿನ ನಿಯಮಗಳನ್ನರಿಯದ ಗಣಿತಜ್ಞನೊಬ್ಬನ ಮುಂದಿರಿಸಿದರೆ, ಗೆದ್ದವರು ರೋಜರ್ ಫೆಡರರ್ ಎಂದೇ ಆತನು ನಿಸ್ಸಂಶಯವಾಗಿ ನುಡಿದಾನು. ಗಳಿಸಿದ ಪಾಯಿಂಟುಗಳು ಫೆಡರರ್ ಅವರವು 218, ನೊವಾಕ್ ಜೊಕೊವಿಚ್ ಅವರವು 204. ಏಸ್‌ಗಳಲ್ಲಿಯೂ ವಿನ್ನರ್‌ಗಳಲ್ಲಿಯೂ ಫೆಡರರ್ ಅವರದೇ ಮೇಲುಗೈ. ಐದನೆಯ ಸೆಟ್ಟಿನಲ್ಲಿ 8-7ರಿಂದ ಮುಂದಿದ್ದು, ತಮ್ಮದೇ ಸರ್ವ್‌ನಲ್ಲಿ 40-15 ತಲಪಿದ ಅವರಿಗೆ ಇನ್ನೊಂದೇ ಪಾಯಿಂಟ್ ಸಾಕಾಗಿತ್ತು. ಮೊದಲನೆಯ ಅವಕಾಶದಲ್ಲಿ ಅವರ ಫೋರ್‌ಹ್ಯಾಂಡ್ ಗೆರೆಯಾಚೆ ಬಿದ್ದಿತು. ಎರಡನೆಯದರಲ್ಲಿ, ನೆಟ್‌ನತ್ತ ಧಾವಿಸಿದ ಅವರಿಗೆ ನಿಲುಕದಂತೆ ಜೊಕೊವಿಚ್ ಅವರ ಓರೆ ಹೊಡೆತವು ಪಾರಾಗಿ ಹೋಯಿತು. ಜೊಕೊವಿಚ್ ಗೆದ್ದ ಮೂರು ಸೆಟ್ಟುಗಳೂ ಟೈಬ್ರೇಕಿನಲ್ಲಿ ತೀರ್ಮಾನವಾದವು. ಆ ಮೂರರಲ್ಲಿಯೂ ಅವರು ತಾವಾಗಿ ಎಸಗಿದ ತಪ್ಪು ಒಂದೂ ಇರಲಿಲ್ಲ.

ಈ ವೈಚಿತ್ರ್ಯದ ಮೊದಲ ಕಾರಣವು ಟೆನಿಸ್ಸಿನ ಅಂಕಗಣನೆಯ ಕ್ರಮದಲ್ಲಿಯೇ ಅಡಗಿದೆ. ಪಾಯಿಂಟುಗಳು ಗೇಮಾಗಿ, ಗೇಮುಗಳು ಸೆಟ್ಟಾಗಿ, ಸೆಟ್ಟುಗಳು ಪಂದ್ಯವಾಗಿ ಕೂಡುತ್ತ ಹೋದಂತೆ ಅತ್ಯಲ್ಪವಾದ ಮೇಲ್ಮೆಯೂ ಚಕ್ರಬಡ್ಡಿಯಂತೆ ಬೆಳೆಯುತ್ತದೆ. ಪ್ರತಿಯೊಂದು ಪಾಯಿಂಟನ್ನು ಗೆಲ್ಲುವ ಸಂಭವವು ನೂರಕ್ಕೆ 55 ಇದ್ದರೆ, ಗೇಮನ್ನು ಗೆಲ್ಲುವ ಸಂಭವ 62, ಸೆಟ್ಟಿನದು 81, ಐದು ಸೆಟ್ಟುಗಳ ಪಂದ್ಯದ್ದು ಸುಮಾರು 95 ಆಗುತ್ತದೆ. ಫೆಡರರ್ ಅವರೇ 2024ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಘಟಿಕೋತ್ಸವದಲ್ಲಿ, ತಾವಾಡಿದ 1,526 ಸಿಂಗಲ್ಸ್ ಪಂದ್ಯಗಳಲ್ಲಿ ಹೆಚ್ಚುಕಡಿಮೆ ನೂರಕ್ಕೆ 80ನ್ನು ಗೆದ್ದಿದ್ದರೂ ಗೆದ್ದ ಪಾಯಿಂಟುಗಳು ನೂರಕ್ಕೆ 54 ಮಾತ್ರವೆಂದು ಹೇಳಿ ಕೇಳುಗರನ್ನು ಬೆರಗುಗೊಳಿಸಿದರು. ಆದರೆ ತುಲ್ಯಬಲರು ಎದುರುಬದುರಾದಾಗ ಈ ಬಡ್ಡಿ ಬೆಳೆಯಲು ಅಸಲೇ ಇರುವುದಿಲ್ಲ. ಎಷ್ಟು ಪಾಯಿಂಟುಗಳನ್ನು ಗೆದ್ದರೆನ್ನುವುದಕ್ಕಿಂತ ಯಾವುವನ್ನು ಗೆದ್ದರೆನ್ನುವುದೇ ಮುಖ್ಯವಾಗುತ್ತದೆ.

ಅಂಥ ಗಳಿಗೆಯಲ್ಲಿ ಧೀರನಾದವನು ಒಳಗಿನಿಂದ ಯಾವುದೋ ಅಸಾಮಾನ್ಯ ಶಕ್ತಿಯನ್ನು ಹೊರತೆಗೆಯುವನೆಂಬುದು ಜನಪ್ರಿಯವಾದ ಕಲ್ಪನೆ. ಡಚ್ ಅರ್ಥಮಾಪನ ಶಾಸ್ತ್ರಜ್ಞರಾದ ಫ್ರಾಂಕ್ ಕ್ಲಾಸೆನ್ ಮತ್ತು ಯಾನ್ ಮ್ಯಾಗ್ನುಸ್ ಅವರು 1992ರಿಂದ 1995ರವರೆಗಿನ ವಿಂಬಲ್ಡನ್ನಿನ ಸುಮಾರು 90,000 ಪಾಯಿಂಟುಗಳನ್ನು ಪರಿಶೀಲಿಸಿದಾಗ ಕಂಡದ್ದು ಬೇರೆ. ನಿರ್ಣಾಯಕ ಪಾಯಿಂಟುಗಳಲ್ಲಿ ಸರ್ವ್ ಮಾಡುವವನ ಗೆಲವು ತುಸು ಕಷ್ಟವಾಗುತ್ತದೆ. ಆಟಗಾರ ದುರ್ಬಲನಾದಷ್ಟೂ ಈ ವ್ಯತ್ಯಯ ಹೆಚ್ಚು, ಪ್ರಬಲನಾದಷ್ಟೂ ಕಡಮೆ. ಇದರಿಂದ ನಾನು ಗ್ರಹಿಸುವುದಿಷ್ಟು: ನಾವು ಮನೋದಾರ್ಢ್ಯವೆಂದು ಕೊಂಡಾಡುವುದು ಬಹುಮಟ್ಟಿಗೆ ಎಂದಿನಂತೆಯೇ ಆಡಬಲ್ಲ ಶಕ್ತಿ. ಗೆದ್ದ ಮೇಲೆ ಗೆದ್ದವನಿಗೆ ಆ ಬಿರುದನ್ನು ಕಟ್ಟುವ ನಮ್ಮ ಅಭ್ಯಾಸವನ್ನೂ ಸಂದೇಹದಿಂದಲೇ ನೋಡಬೇಕು. ಜೊಕೊವಿಚ್ ಅವರ ಆ ಓರೆ ಹೊಡೆತ ಅಂಗೈಯಗಲದಷ್ಟು ಆಚೆ ಬಿದ್ದಿದ್ದರೆ ಪತ್ರಿಕೆಗಳು ಮರುದಿನ ಫೆಡರರ್ ಅವರ ಸ್ಥೈರ್ಯವನ್ನೇ ಹೊಗಳುತ್ತಿದ್ದುವು.

ಎಂದಿನಂತೆ ಆಡುವುದೇನು ಮಹಾ ಎನ್ನುವವರು ದೇಹದ ವ್ಯಾಪಾರವನ್ನು ನೆನೆಯಬೇಕು. ಗಂಟೆಗೆ 200 ಕಿಲೋಮೀಟರ್ ವೇಗದ ಸರ್ವ್ 23.77 ಮೀಟರ್ ಉದ್ದದ ಅಂಕಣವನ್ನು ದಾಟಲು ಅರ್ಧ ಸೆಕೆಂಡಿನ ಆಸುಪಾಸು ಸಾಕು. ಆ ಅವಧಿಯಲ್ಲಿ ಯೋಚಿಸಿ ನಿರ್ಣಯಿಸಲು ಎಡೆಯಿಲ್ಲ. ವರ್ಷಗಟ್ಟಲೆ ರೂಢಿಯಾದ ಚಲನೆಗಳು ಪ್ರಜ್ಞೆಯ ಅಪ್ಪಣೆಗೆ ಕಾಯದೆ ತಾವಾಗಿ ನಡೆಯುತ್ತವೆ. ಆದರೆ ಭಯವುಂಟಾದಾಗ ಅಡ್ರಿನಲಿನ್ ಸ್ರವಿಸಿ, ಎದೆಬಡಿತವೇರಿ, ಸ್ನಾಯುಗಳು ಬಿಗಿದು, ಪ್ರಜ್ಞೆಯು ಆ ಸ್ವಯಂಚಾಲಿತ ಕ್ರಿಯೆಯನ್ನು ತಾನೇ ನಡೆಸಹೊರಡುತ್ತದೆ. ಮಣಿಕಟ್ಟು ಹೀಗಿರಲಿ, ಭುಜ ಹಾಗಿರಲಿ ಎಂಬ ಈ ಮೇಲ್ವಿಚಾರಣೆಯೇ ಹೊಡೆತವನ್ನು ಕೆಡಿಸುತ್ತದೆ. ನುರಿತ ಗಾಲ್ಫ್ ಆಟಗಾರರು ತಮ್ಮ ಹೊಡೆತದ ವಿವರಗಳಿಗೇ ಗಮನ ಕೊಟ್ಟಾಗ ಕೆಡುವರೆಂದೂ, ಹೊಸಬರಿಗೆ ಅದರಿಂದ ಸಹಾಯವೇ ಆಗುವುದೆಂದೂ ಮನಶ್ಶಾಸ್ತ್ರಜ್ಞೆ ಸಯಾನ್ ಬೈಲಾಕ್ ಮತ್ತು ಸಂಗಡಿಗರು ಪ್ರಯೋಗಗಳಿಂದ ತೋರಿಸಿದ್ದಾರೆ. (ಫೆಡರರ್ ಭಾಷಣ ಮಾಡಿದಾಗ ಡಾರ್ಟ್‌ಮತ್ತಿನ ಅಧ್ಯಕ್ಷೆಯಾಗಿದ್ದವರು ಇದೇ ಬೈಲಾಕ್ ಎಂಬುದು ಸೊಗಸಾದ ಕಾಕತಾಳೀಯ.)

ಆದುದರಿಂದ ಎರಡು ಪಾಯಿಂಟುಗಳ ನಡುವಣ ಇಪ್ಪತ್ತೈದು ಸೆಕೆಂಡುಗಳೇ ಮನಸ್ಸಿನ ನಿಜವಾದ ಅಂಕಣ. ಅಮೆರಿಕದ ಕ್ರೀಡಾ ಮನಶ್ಶಾಸ್ತ್ರಜ್ಞ ಜಿಮ್ ಲೇರ್ ಈ ವಿರಾಮವನ್ನೇ ಅಭ್ಯಸಿಸಿ, ಉತ್ತಮ ಆಟಗಾರರು ಅದನ್ನು ಉಸಿರಾಟಕ್ಕೂ ಸ್ನಾಯುಗಳ ಸಡಿಲಿಕೆಗೂ ನಿಯತವಾದ ಕರ್ಮವಿಧಿಯಂತೆ ಬಳಸುವುದನ್ನು ಗುರುತಿಸಿದರು. ರಾಫೆಲ್ ನಡಾಲ್ ನೀರಿನ ಬಾಟಲಿಗಳನ್ನು ಒಂದೇ ದಿಕ್ಕಿಗೆ ಜೋಡಿಸಿಡುತ್ತಿದ್ದುದನ್ನು ಕಂಡು ನಕ್ಕವರುಂಟು. ಗಮನವನ್ನು ಕಟ್ಟಿಹಾಕುವ ಅಗ್ಗದ ಉಪಾಯ ಅದಕ್ಕಿಂತ ಬೇರೆ ಯಾವುದಿದೆ? ಜೊಕೊವಿಚ್ ಅವರದು ಇನ್ನೂ ವಿಚಿತ್ರ: ಜನಸ್ತೋಮವು ‘ರೋಜರ್’ ಎಂದು ಕೂಗುವಾಗ ತಾವು ಅದನ್ನು ‘ನೊವಾಕ್’ ಎಂದೇ ಕೇಳಿಸಿಕೊಳ್ಳಲೆತ್ನಿಸುವುದಾಗಿ ಅವರು ಆ ಪಂದ್ಯದ ಅನಂತರ ಹೇಳಿದರು.

ಈ ಶಕ್ತಿ ಅಕ್ಷಯವೆಂದು ಮಾತ್ರ ತಿಳಿಯಬೇಕಾಗಿಲ್ಲ. 1980ರ ವಿಂಬಲ್ಡನ್ ಅಂತಿಮ ಪಂದ್ಯದ ನಾಲ್ಕನೆಯ ಸೆಟ್ಟಿನಲ್ಲಿ ಜಾನ್ ಮೆಕೆನ್ರೋ ಏಳು ಮ್ಯಾಚ್ ಪಾಯಿಂಟುಗಳನ್ನು ತಪ್ಪಿಸಿಕೊಂಡು ಟೈಬ್ರೇಕನ್ನು 18-16ರಲ್ಲಿ ಕಸಿದುಕೊಂಡಾಗ, ಮುಖದ ಒಂದು ಗೆರೆಯೂ ಅಲುಗದೆ ಐದನೆಯ ಸೆಟ್ಟನ್ನು 8-6ರಲ್ಲಿ ಗೆದ್ದ ಬ್ಯೋರ್ನ್ ಬೋರ್ಗ್ ಅವರೇ, ಮರುವರ್ಷ ವಿಂಬಲ್ಡನ್ನಿನಲ್ಲಿಯೂ ಅಮೆರಿಕನ್ ಓಪನ್ನಿನಲ್ಲಿಯೂ ಅದೇ ಎದುರಾಳಿಗೆ ಸೋತು, ಎರಡನೆಯ ಸೋಲಿನ ದಿನ ಬಹುಮಾನ ಸಮಾರಂಭಕ್ಕೂ ನಿಲ್ಲದೆ ಹೊರಟುಹೋದರು. 1983ರ ಜನವರಿಯಲ್ಲಿ ನಿವೃತ್ತಿಯನ್ನು ಸಾರಿದಾಗ ಅವರಿಗೆ 26 ವರ್ಷ. ಮರಳಿ ಬರುವಂತೆ ಅವರನ್ನು ಒತ್ತಾಯಿಸಿದವರಲ್ಲಿ ಮೆಕೆನ್ರೋ ಅವರೂ ಒಬ್ಬರು.