ಸೊಂಟದಿಂದ ಕಾಲಿಗಿಳಿಯುವ ನೋವು: ಗಡಿನಾಡಿನವರು ಹೇಳಿಕೊಳ್ಳುವುದು ಹೇಗೆ?

ಮಹಾರಾಷ್ಟ್ರದ ಉಮರಗಾ, ನಿಲಂಗಾ, ಉದಗೀರ ತಾಲೂಕುಗಳ ಹೆಸರು ನಮ್ಮ ಕಾಸರಗೋಡಿನ ಮನೆಗಳಲ್ಲಿ ಕೇಳಿಬರುವುದು ಅಪರೂಪ. ಆದರೆ ಅಲ್ಲಿಯ ಕನ್ನಡಿಗರ ಹಣೆಬರಹವೂ ನಮ್ಮದೂ ನಿಶ್ಚಯವಾದುದು ಒಂದೇ ದಿನ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಂದೇ ನಿಲಂಗಾ, ಉದಗೀರಗಳು ಬೀದರ ಜಿಲ್ಲೆಯಿಂದ ಬೇರ್ಪಟ್ಟು, ಉಮರಗಾದೊಂದಿಗೆ ಆಗಿನ ಮುಂಬಯಿ ರಾಜ್ಯದ ಪಾಲಾದವು. ಮನೆಯಲ್ಲಿ ಕನ್ನಡ, ಪೇಟೆಯಲ್ಲೂ ಕಚೇರಿಯಲ್ಲೂ ದವಾಖಾನೆಯಲ್ಲೂ ಮರಾಠಿ. ಇದು ಅಲ್ಲಿಯ ಅನೇಕ ಕುಟುಂಬಗಳ ಬಾಳು. ಮರಾಠಿಯ ಜಾಗದಲ್ಲಿ ಮಲಯಾಳವನ್ನಿಟ್ಟರೆ ಅದು ನಮ್ಮದೇ ಬಾಳು. ಇಂದು ಒಂದು ಕಾಯಿಲೆಯ ನೆವದಿಂದ ನಾವು ಆ ಬಂಧುಗಳನ್ನು ನೆನೆಯುತ್ತಿದ್ದೇವೆ. ಅದರ ಹೆಸರು ಸಯಾಟಿಕಾ.

ಆಯುರ್ವೇದ ಇದನ್ನು ಗೃಧ್ರಸಿ ಎನ್ನುತ್ತದೆ. 1764ರಲ್ಲಿ ಇಟಲಿಯ ಕೊತುನ್ಯೊ ಎಂಬ ವೈದ್ಯನು ಈ ನೋವಿಗೂ ತೊಡೆಯ ಹಿಂದಿನ ದೊಡ್ಡ ನರಕ್ಕೂ ಇರುವ ಸಂಬಂಧವನ್ನು ಬರೆದಿಟ್ಟನು. ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಒಡೆದು ಹೊರಚಾಚಿ ನರದ ಬೇರನ್ನು ಒತ್ತುವುದರಿಂದ ಈ ನೋವು ಬರುತ್ತದೆಂದು 1934ರಲ್ಲಿ ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ತೋರಿಸಿದರು. ಪೃಷ್ಠದಿಂದ ಕಾಲಿನವರೆಗೆ ಇಳಿಯುವ ಈ ನರ ನಮ್ಮ ದೇಹದ ಅತಿ ದಪ್ಪ ನರ. ಹಾಗಾಗಿ ಕೆಡುಕು ಸೊಂಟದಲ್ಲಿದ್ದರೂ ಉರಿ ಪಾದದಲ್ಲಿ ಕಾಣಿಸಬಹುದು.

ಮರಾಠವಾಡದಿಂದ ವರ್ಷವರ್ಷವೂ ಸಹಸ್ರಾರು ಕುಟುಂಬಗಳು ಕಬ್ಬು ಕಡಿಯಲು ಹೊರಡುತ್ತವೆ. ದಿನವಿಡೀ ಬಗ್ಗಿ ಕಡಿದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಲಾರಿ ತುಂಬುವ ಕೆಲಸವದು. ನಮ್ಮಲ್ಲಿ ಕೆಂಪುಕಲ್ಲು ಎತ್ತುವವರು, ಅಡಿಕೆ ಮೂಟೆ ಹೊರುವವರು, ನೆಲದ ಮೇಲೆ ಗಂಟೆಗಟ್ಟಲೆ ಕುಳಿತು ಬೀಡಿ ಕಟ್ಟಿ ಬಂದ ತಾಯಂದಿರು ಇದ್ದಾರೆ. ದುಡಿಮೆಯೊಂದೇ ಕಾರಣವಲ್ಲ, ವಯಸ್ಸು, ಮೈತೂಕ, ಧೂಮಪಾನವೂ ಇದಕ್ಕೆ ಒದಗುತ್ತವೆ. ಆದರೆ ಕೂಲಿ ನಿಂತರೆ ಒಲೆ ಉರಿಯದ ಮನೆಗೆ ಈ ನೋವು ಬಂದಾಗ ಕಷ್ಟ ಇಮ್ಮಡಿ.

ಮಾತೇ ಮೊದಲ ಪರೀಕ್ಷೆ

ಈ ಕಾಯಿಲೆಯನ್ನು ವೈದ್ಯರು ಹೆಚ್ಚಾಗಿ ರೋಗಿಯ ಬಾಯಿಂದಲೇ ತಿಳಿಯುತ್ತಾರೆ. ಮೊದಲು ಕೇಳಬೇಕು, ಅನಂತರ ಮಲಗಿಸಿ ಕಾಲನ್ನು ನೇರವಾಗಿ ಎತ್ತಿ ನೋಡಬೇಕು. ನೋವು ಮೀನಖಂಡದ ಹೊರಬದಿಯಿಂದ ಕಾಲಿನ ಹೆಬ್ಬೆರಳಿಗೆ ಹೋಗುವುದೋ, ಹಿಂಬದಿಯಿಂದ ಕಿರುಬೆರಳಿಗೆ ಹೋಗುವುದೋ ಎಂಬುದರ ಮೇಲೆ ಯಾವ ನರದ ಬೇರು ಸಿಕ್ಕಿಕೊಂಡಿದೆಯೆಂದು ಊಹಿಸಬಹುದು. ಎಕ್ಸ್‌ರೇಯಲ್ಲಿ ನರ ಕಾಣಿಸುವುದಿಲ್ಲ. ಎಂ.ಆರ್.ಐ. ಚಿತ್ರವೊಂದನ್ನೇ ನಂಬುವಂತೆಯೂ ಇಲ್ಲ. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೆನ್ನುನೋವೇ ಇಲ್ಲದ 98 ಮಂದಿಯ ಚಿತ್ರ ತೆಗೆದಾಗ, ಎಲ್ಲ ಡಿಸ್ಕುಗಳೂ ಸರಿಯಾಗಿದ್ದವರು ನೂರಕ್ಕೆ 36 ಮಂದಿ ಮಾತ್ರ.

ಗಡಿನಾಡಿನವರು ತೊಡಕಿಗೆ ಸಿಕ್ಕುವುದು ಇಲ್ಲಿಯೇ. ಉದಗೀರದ ಕಡೆಯವರು ಟೊಂಕ ಎಂದರೆ ಮರಾಠಿ ಡಾಕ್ಟರರಿಗೆ ಅದು ಕಂಬರ. ನಮ್ಮ ಸೊಂಟ ಮಲಯಾಳದಲ್ಲಿ ನಡುವ್. ನಾವು ಜೋಮು ಎನ್ನುವುದಕ್ಕೆ ಮರಾಠಿಯಲ್ಲಿ ಇರುವೆ ಬಂತೆನ್ನುತ್ತಾರೆ, ಮುಂಗ್ಯಾ. ಮಲಯಾಳದಲ್ಲಿ ಅದು ತರಿಪ್ಪ್. ಚಳುಕು, ಸೆಳೆತ, ಉರಿ, ಮರಗಟ್ಟುವುದು ಇವೆಲ್ಲ ಬೇರೆ ಬೇರೆ. ಪರಭಾಷೆಗೆ ಹೋಗುವಾಗ ನಾಲ್ಕೂ ಸೇರಿ ‘ಕಾಲು ನೋವು’ ಎಂಬ ಒಂದೇ ಮಾತಾಗುತ್ತವೆ. ಡಾಕ್ಟರರು ಒಂದು ಮಾತ್ರೆ ಬರೆಯುತ್ತಾರೆ. ನಾವು ಮನೆಗೆ ಬರುತ್ತೇವೆ.

ನಾಚಿಕೆ ಬೇಡ

ಕೆಲವು ಲಕ್ಷಣಗಳನ್ನಂತೂ ಯಾವ ಭಾಷೆಯಲ್ಲಾದರೂ ಹೇಳಲೇಬೇಕು. ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಮಲದ ಮೇಲೆ ಹಿಡಿತ ತಪ್ಪುವುದು, ತೊಡೆಗಳ ಸಂದಿಯಲ್ಲಿ ಸ್ಪರ್ಶ ತಿಳಿಯದಿರುವುದು, ಎರಡೂ ಕಾಲು ಸೋಲುವುದು. ಇವು ಕಂಡರೆ ಮರುದಿನದವರೆಗೆ ಕಾಯಬಾರದು. ಕೂಡಲೇ ದೊಡ್ಡ ಆಸ್ಪತ್ರೆ ಸೇರಬೇಕು. ತಡವಾದರೆ ಹೋದ ಶಕ್ತಿ ಮರಳದೆ ಇರಬಹುದು. ಮುಂಗಾಲು ಎತ್ತಲಾಗದೆ ನೆಲಕ್ಕೆ ಎಡವುತ್ತಿದ್ದರೆ, ನೋವಿನೊಂದಿಗೆ ಜ್ವರವೋ ಮೈ ಇಳಿಯುವುದೋ ಇದ್ದರೆ ಅದನ್ನೂ ಬೇಗನೆ ತೋರಿಸಬೇಕು. ನಮ್ಮ ಹೆಂಗಸರು ಮೂತ್ರದ ವಿಷಯವನ್ನು ಕನ್ನಡದಲ್ಲೇ ಬಾಯಿಬಿಟ್ಟು ಹೇಳುವುದಿಲ್ಲ. ಇನ್ನು ಪರಭಾಷೆಯಲ್ಲಿ, ಮಗನನ್ನು ದುಭಾಷಿಯಾಗಿ ನಿಲ್ಲಿಸಿಕೊಂಡು, ಹೇಳುವರೇ? ಇಂಥ ಸಂದರ್ಭದಲ್ಲಿ ಮಗಳೋ ಸೊಸೆಯೋ ಜತೆಗಿರುವುದು ಲೇಸು.

ಗುಣವಾಗುವ ದಾರಿ

ಹೆಚ್ಚಿನವರಿಗೆ ಈ ನೋವು ಶಸ್ತ್ರಚಿಕಿತ್ಸೆಯಿಲ್ಲದೆಯೇ ಕೆಲವು ವಾರಗಳಲ್ಲಿ ತಗ್ಗುತ್ತದೆ. ಹಲಗೆಯ ಮೇಲೆ ವಾರಗಟ್ಟಲೆ ಮಲಗಿಸುವ ಹಳೆಯ ಪದ್ಧತಿ ಈಗ ಬಿದ್ದುಹೋಗಿದೆ. 1999ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಪ್ರಯೋಗದಲ್ಲಿ ಎರಡು ವಾರ ಮಲಗಿದವರೂ ಓಡಾಡಿಕೊಂಡಿದ್ದವರೂ 12 ವಾರಗಳ ಕೊನೆಗೆ ಸಮಸಮವಾಗಿ, ನೂರಕ್ಕೆ 87 ಮಂದಿ, ಸುಧಾರಿಸಿದ್ದರು. ತಾಳಿಕೊಳ್ಳುವಷ್ಟು ನಡೆಯಬೇಕು, ಒಂದೇ ಭಂಗಿಯಲ್ಲಿ ಬಹಳ ಹೊತ್ತು ಕೂರಬಾರದು, ಭಾರವನ್ನು ಮೈಗೆ ಹತ್ತಿರ ಹಿಡಿದು ಮೊಣಕಾಲು ಮಡಚಿ ಎತ್ತಬೇಕು. ನೋವು ಪಾದವನ್ನು ಬಿಟ್ಟು ಮೇಲೆ ಸೊಂಟದತ್ತ ಸರಿದರೆ ಅದು ಸಾಮಾನ್ಯವಾಗಿ ಒಳ್ಳೆಯ ಸೂಚನೆ. ಅಂಗಡಿಯಿಂದ ತಾವಾಗಿ ತಂದ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು.

ತಗ್ಗದವರಿಗೆ ಶಸ್ತ್ರಚಿಕಿತ್ಸೆಯುಂಟು. ಅದು ಬೇಗ ಉಪಶಮನ ಕೊಡುತ್ತದೆ. ಆದರೆ ವರ್ಷದ ಕೊನೆಗೆ, ಮೊದಲೇ ಕೊಯ್ಯಿಸಿಕೊಂಡವರೂ ಕಾದು ನೋಡಿದವರೂ ಹೆಚ್ಚುಕಡಿಮೆ ಸಮಾನರೆಂದು 2007ರ ಇನ್ನೊಂದು ಪ್ರಯೋಗ ತೋರಿಸಿತು. ಒಮ್ಮೆ ಗುಣವಾದವರಿಗೆ ಮತ್ತೆ ಬರುವುದುಂಟು. ಆಗ ಮನೆಯವರು ‘ಇದು ಕೆಲಸದ ಕಳ್ಳತನ’ ಎನ್ನಬಾರದು. ರೋಗಿಯೂ ‘ನನ್ನ ಬೆನ್ನು ಮುರಿಯಿತು’ ಎಂದು ಕಂಗೆಡಬಾರದು. ಹಿಂದಿನ ಸಲ ಯಾವುದರಿಂದ ಹಿತವಾಯಿತೆಂಬ ನೆನಪೇ ಈ ಸಲದ ಬಂಡವಾಳ.

2020ರ ಮಾರ್ಚ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆ ನಮಗೆಷ್ಟು ದೂರವೆಂದು ಕಂಡೆವು. ಗಡಿ ತೆರೆದಿದ್ದರೂ ಮಾತಿನ ಗಡಿ ಉಳಿಯುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ನಮಗೆ ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕು ಕೊಟ್ಟಿದೆ. ಆಸ್ಪತ್ರೆಯ ಚೀಟಿ ಕೌಂಟರಿನಲ್ಲೂ ಕನ್ನಡ ಬಲ್ಲವರೊಬ್ಬರು ಬೇಕೆಂದು ಇಲ್ಲಿ ನಾವೂ ಅಲ್ಲಿ ಅವರೂ ಕೇಳುತ್ತಲೇ ಇರಬೇಕು. ಅಲ್ಲಿಯವರೆಗೆ ಒಂದು ಕೆಲಸ ನಮ್ಮ ಕೈಯಲ್ಲೇ ಇದೆ. ಆಸ್ಪತ್ರೆಗೆ ಹೊರಡುವ ಮುನ್ನ ನೋವು ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತದೆ, ಎಂದಿನಿಂದ, ಯಾವಾಗ ಹೆಚ್ಚು, ಎಲ್ಲಿ ಜೋಮು, ಮೂತ್ರ ಸರಿಯೇ ಎಂಬ ಐದು ಸಂಗತಿಗಳನ್ನು ಶಾಲೆಗೆ ಹೋಗುವ ಮಕ್ಕಳಿಂದ ರಾಜ್ಯಭಾಷೆಯಲ್ಲಿ ಒಂದು ಚೀಟಿಯಲ್ಲಿ ಬರೆಯಿಸಿಕೊಂಡು ಹೋಗೋಣ.