ಡಬ್ಬಾ ಟಿವಿಯೂ ವಿಡಿಯೋ ಗೇಮೂ: ತಪ್ಪು ಕಲ್ಪನೆ ಮತ್ತು ಸತ್ಯ

ಜಪಾನಿನ ನಿಂಟೆಂಡೊ ಸಂಸ್ಥೆಯು 1983ರಲ್ಲಿ ಹೊರತಂದ ಫ್ಯಾಮಿಕಾಮ್ ಎಂಬ ಆಟದ ಯಂತ್ರವೂ ಅದರ ಅನುಕರಣೆಗಳೂ ಸಮುರಾಯ್, ಮೀಡಿಯಾ ಮೊದಲಾದ ಹೆಸರುಗಳನ್ನು ಧರಿಸಿ 1990ರ ದಶಕದಲ್ಲಿ ನಮ್ಮ ದೇಶದ ಅಂಗಡಿಗಳಿಗೆ ಬಂದವು. ಆಗಿನ್ನೂ ರಾಯಚೂರು ಜಿಲ್ಲೆಗೆ ಸೇರಿದ್ದು 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಕೊಪ್ಪಳದ ಸೀಮೆಗೂ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಮನೆಗಳಿಗೂ ಅವು ಪ್ರವೇಶಿಸಿದವು. ಯಂತ್ರಗಳ ಜೊತೆಯಲ್ಲಿಯೇ ಅವುಗಳ ವಿಷಯವಾದ ಭಯಗಳೂ ಬಂದವು. ಅಟ್ಟ ಸೇರಿದ್ದ ಆ ಪೆಟ್ಟಿಗೆಗಳನ್ನು ಈಗ ಮಕ್ಕಳಿಗೆಂದು ಮತ್ತೆ ಇಳಿಸುವವರನ್ನು ಅದೇ ಭಯಗಳು ಇಂದಿಗೂ ತಡೆಯುತ್ತಿವೆ.

ಅವುಗಳಲ್ಲಿ ಅಗ್ರಸ್ಥಾನ ಸಲ್ಲತಕ್ಕದ್ದು ಹಿರಿಯರ ಈ ಮಾತಿಗೆ: “ಗೇಮ್ ಹಚ್ಚಬ್ಯಾಡೋ, ಪಿಕ್ಚರ್ ಟ್ಯೂಬ್ ಹೊಕ್ಕೈತಿ.” ಈ ಭೀತಿ ನಿರಾಧಾರವಾದುದಲ್ಲ. ಅಟಾರಿ ಸಂಸ್ಥೆಯು 1975ರಲ್ಲಿ ಮನೆಬಳಕೆಗೆಂದು ಮಾರಿದ ಪಾಂಗ್‌ನಂಥ ಆರಂಭಕಾಲದ ಆಟಗಳಲ್ಲಿ ಪ್ರಕಾಶಮಾನವಾದ ಬಿಳಿಯ ಗೆರೆಗಳು ತೆರೆಯ ಒಂದೇ ಸ್ಥಳದಲ್ಲಿ ಅಚಲವಾಗಿ ನಿಲ್ಲುತ್ತಿದ್ದುದರಿಂದ, ಗಾಜಿನ ಒಳಮೈಗೆ ಬಳಿದ ಫಾಸ್ಫರ್ ಲೇಪವು ಅಲ್ಲಿ ಮಾತ್ರ ಹೆಚ್ಚು ಸವೆದು ಶಾಶ್ವತವಾದ ಛಾಯೆ ಉಳಿಯುವ ಸಂಭವವಿತ್ತು. ಆದರೆ ಫ್ಯಾಮಿಕಾಮ್‌ನ ಆಟದಲ್ಲಿ ಮಾರಿಯೋ ಓಡುವಾಗ ಅವನ ಹಿಂದಿನ ಜಗತ್ತೆಲ್ಲ ಸರಿಯುತ್ತಲೇ ಇರುತ್ತದೆ. ಟ್ಯೂಬಿಗಾದರೋ ತನ್ನ ಮೇಲೆ ಮೂಡುವ ಚಿತ್ರವು ದೂರದರ್ಶನದ ವಾರ್ತೆಯೋ ಆಟವೋ ಎಂಬ ಭೇದವಿಲ್ಲ. ಒಂದು ಗಂಟೆಯ ಆಟದಿಂದ ಆಗುವ ಸವೆತವು ಒಂದು ಗಂಟೆಯ ಧಾರಾವಾಹಿಯಿಂದ ಆಗುವಷ್ಟೇ. ಬ್ರೈಟ್‌ನೆಸ್ಸನ್ನು ಸ್ವಲ್ಪ ಇಳಿಸಿ, ಆಟವನ್ನು ಪಾಜ್ ಮಾಡಿ ಊಟಕ್ಕೆ ಹೋಗುವ ಅಭ್ಯಾಸವನ್ನು ಬಿಟ್ಟರೆ ಸಾಕು.

ಎರಡನೆಯ ಕಲ್ಪನೆ ತೆರೆಯತ್ತ ಬಂದೂಕು ಹಿಡಿದು ಆಡುವ ಬಾತುಕೋಳಿ ಬೇಟೆಯ ಆಟಕ್ಕೆ ಸಂಬಂಧಿಸಿದ್ದು. ಪ್ಲಾಸ್ಟಿಕ್ ಬಂದೂಕಿನಿಂದ ಏನೋ ಒಂದು ಕಿರಣ ಹೊರಟು ತೆರೆಯನ್ನು ತಾಗುತ್ತದೆಂದು ಬಹುಜನರು ನಂಬಿದ್ದಾರೆ. ವಾಸ್ತವವು ಇದಕ್ಕೆ ತೀರ ವಿಪರೀತವಾದುದು, ಮತ್ತು ನನ್ನ ಮಟ್ಟಿಗೆ ಆ ಕಾಲದ ಯಂತ್ರಕೌಶಲದಲ್ಲಿ ಇದಕ್ಕಿಂತ ಸೊಗಸಾದುದು ವಿರಳ. ಬಂದೂಕು ಏನನ್ನೂ ಹಾರಿಸುವುದಿಲ್ಲ, ಅದು ನೋಡುತ್ತದೆ. ಕುದುರೆಯನ್ನು ಎಳೆದ ಕ್ಷಣದಲ್ಲಿ ತೆರೆಯೆಲ್ಲ ಒಮ್ಮೆ ಕಪ್ಪಾಗಿ, ಮರುಕ್ಷಣದಲ್ಲಿ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿಯ ಚೌಕ ಮೂಡುತ್ತದೆ. ಎರಡು ಹಕ್ಕಿಗಳಿದ್ದರೆ ಎರಡು ಚೌಕಗಳು ಒಂದಾದ ಮೇಲೊಂದು ಬರುತ್ತವೆ. ನಳಿಗೆಯೊಳಗಿನ ಬೆಳಕಿನ ಸಂವೇದಕಕ್ಕೆ ಯಾವ ಗಳಿಗೆಯಲ್ಲಿ ಬೆಳಕು ಕಂಡಿತೆಂಬುದನ್ನು ತಿಳಿದು ಯಂತ್ರವು ಹಕ್ಕಿ ಬಿದ್ದಿತೇ ಇಲ್ಲವೇ ಎಂದು ನಿರ್ಣಯಿಸುತ್ತದೆ. ಇದೆಲ್ಲ ಕಣ್ಣಿಗೆ ಒಂದು ಮಿಂಚಿನಂತೆ ತೋರಿ ಮಾಯವಾಗುತ್ತದೆ. ಎಲೆಕ್ಟ್ರಾನ್ ಕಿರಣ ತಾಕಿದೊಡನೆ ಬೆಳಗುವ ಟ್ಯೂಬಿನಲ್ಲಿ ಈ ಲೆಕ್ಕ ಸರಿಹೊಂದುತ್ತದೆ. ಚಿತ್ರವನ್ನು ಸಂಸ್ಕರಿಸಿ ತುಸು ತಡವಾಗಿ ತೋರಿಸುವ ಇಂದಿನ ಎಲ್‌ಇಡಿ ಟಿವಿಯಲ್ಲಿ ಹೊಂದುವುದಿಲ್ಲ. ಹೊಸ ಟಿವಿಯ ಮುಂದೆ ಹಿಡಿದು “ಗನ್ ಕೆಟ್ಟೈತಿ” ಎಂದು ಬಿಸಾಡಿದ ಬಂದೂಕುಗಳಲ್ಲಿ ಹಲವು ನಿರ್ದೋಷಿಗಳಾಗಿದ್ದಿರಬೇಕು.

ಟಿವಿಯ ಹಿಂಭಾಗದಲ್ಲಿ ಹಳದಿ, ಬಿಳಿ, ಕೆಂಪು ಪಿನ್ನುಗಳ ತೂತುಗಳಿಲ್ಲದಿದ್ದರೆ ಆಟವೇ ಅಸಾಧ್ಯವೆಂಬುದೂ ತಪ್ಪು. ಆ ಕಾಲದ ಬಹುತೇಕ ಯಂತ್ರಗಳು ತಮ್ಮ ಚಿತ್ರವನ್ನು ಒಂದು ಪುಟ್ಟ ಟಿವಿ ಕೇಂದ್ರದಂತೆ ಕಳುಹಿಸಬಲ್ಲವು. ಆಂಟೆನಾದ ಅಥವಾ ಕೇಬಲಿನ ವೈರನ್ನು ತೆಗೆದು ಆ ಜಾಗಕ್ಕೆ ಯಂತ್ರದ ವೈರನ್ನು ಸಿಕ್ಕಿಸಿ, ವಿಎಚ್‌ಎಫ್ ಪಟ್ಟಿಯಲ್ಲಿ ನಿಧಾನವಾಗಿ ಟ್ಯೂನ್ ಮಾಡುತ್ತ ಹೋದರೆ, ಚುಕ್ಕಿಗಳ ಗದ್ದಲದ ನಡುವಿನಿಂದ ಆಟದ ಚಿತ್ರ ಎದ್ದುಬರುತ್ತದೆ. ಪಿನ್ನುಗಳಿದ್ದರೆ ಹಳದಿಗೆ ಹಳದಿ, ಬಿಳಿಗೆ ಬಿಳಿ. ಧ್ವನಿ ಒಂದೇ ಆಗಿರುವ ಯಂತ್ರದಲ್ಲಿ ಕೆಂಪನ್ನು ಹುಡುಕುವ ಅಗತ್ಯವೇ ಇಲ್ಲ.

ಅಮೆರಿಕದಿಂದಲೋ ಜಪಾನಿನಿಂದಲೋ ಬಂಧುಗಳು ತಂದ ಯಂತ್ರವು ಇಲ್ಲಿ ಬಣ್ಣವಿಲ್ಲದ ಅಥವಾ ಮೇಲಕ್ಕುರುಳುವ ಚಿತ್ರ ತೋರಿಸಿದರೆ ಅದು ಕೆಟ್ಟಿದೆಯೆಂದು ಭಾವಿಸಬೇಕಾಗಿಲ್ಲ. ನಮ್ಮದು ಸೆಕೆಂಡಿಗೆ 50 ಆವರ್ತದ, 625 ಗೆರೆಗಳ ಪಾಲ್ ಪದ್ಧತಿ. ಅವರದು 60 ಆವರ್ತದ, 525 ಗೆರೆಗಳ ಎನ್‌ಟಿಎಸ್‌ಸಿ. ಎರಡನ್ನೂ ಬಲ್ಲ ಟಿವಿಯಾದರೆ ಬಣ್ಣ ತಾನಾಗಿ ಬರುತ್ತದೆ. ಆದರೆ ಅಲ್ಲಿಯ ಅಡಾಪ್ಟರನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಚುಚ್ಚಿದರೆ ಅದು ಸುಟ್ಟುಹೋಗುವುದು. ಪಿನ್ನು ಕೂತಿತೆಂಬ ಮಾತ್ರಕ್ಕೆ ಬೇರಾವುದೋ ಅಡಾಪ್ಟರನ್ನು ಹಾಕುವುದೂ ಅಪಾಯ. ವೋಲ್ಟೇಜನ್ನೂ ಧನ-ಋಣ ಗುರುತನ್ನೂ ಓದಿ ನೋಡಬೇಕು.

ಓಡದ ಆಟದ ಕ್ಯಾಸೆಟ್ಟಿಗೆ ಬಾಯಿಂದ ಊದಿದರೆ ಸರಿಹೋಗುತ್ತದೆಂಬ ನಂಬಿಕೆಯೂ ತಪ್ಪೇ. ಸರಿಪಡಿಸಿದ್ದು ಉಸಿರಲ್ಲ, ತೆಗೆದು ಮತ್ತೆ ಕೂರಿಸಿದ ಕ್ರಿಯೆ. ಉಸಿರಿನ ತೇವ ತಾಮ್ರದ ಹಲ್ಲುಗಳನ್ನು ಕ್ರಮೇಣ ಕೆಡಿಸುತ್ತದೆ.

ನಿಜವಾಗಿ ಭಯಪಡತಕ್ಕ ವಿಷಯಕ್ಕೆ ಮಾತ್ರ ಜನ ಭಯಪಡುತ್ತಿಲ್ಲವೆಂಬುದು ನನ್ನ ಚಿಂತೆ. ಪ್ಲಗ್ಗು ಕಿತ್ತ ಮೇಲೆ ಟಿವಿಯ ಹಿಂದಿನ ಮುಚ್ಚಳ ಬಿಚ್ಚಿ ಕೈ ಹಾಕಬಹುದೆಂದು ಹಲವರು ತಿಳಿದಿದ್ದಾರೆ. ಬಣ್ಣದ ಟಿವಿಯ ಟ್ಯೂಬಿಗೆ 20,000 ವೋಲ್ಟಿಗೂ ಮೀರಿದ ವಿದ್ಯುತ್ತನ್ನು ಕೊಡಲಾಗಿರುತ್ತದೆ. ಆ ಗಾಜು ಪ್ಲಗ್ಗು ತೆಗೆದ ಬಳಿಕವೂ ಅದನ್ನು ಬಹುಕಾಲ ಹಿಡಿದಿಟ್ಟುಕೊಳ್ಳಬಲ್ಲದು. ಟ್ಯೂಬನ್ನು ಒಡೆಯುವುದೂ ಅಪಾಯ: ಅದರ ಒಳಗಿರುವುದು ನಿರ್ವಾತ, ಗಾಜಿನಲ್ಲಿರುವುದು ಸೀಸ. ಆದುದರಿಂದ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಮಕ್ಕಳು ಆಡಲಿ, ತಡೆಯಬೇಡಿ; ಟಿವಿ ಕೆಟ್ಟರೆ ಟ್ಯೂಬಿನ ಕೆಲಸ ಬಲ್ಲ ಮೆಕ್ಯಾನಿಕ್‌ನನ್ನೇ ಕರೆಯಿರಿ; ದುರಸ್ತಿಯಾಗದಿದ್ದರೆ ಅದನ್ನು ಒಡೆಯದೆ, ಇಡಿಯಾಗಿಯೇ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿರಿ.